ಕೊನೆಯ ಸ್ಥಾನಕ್ಕೆ ಬಹುಮಾನವೋ, ಹಿಂಬಡ್ತಿಯೋ?



ಈ ಸಲ ಹಬ್ಬ, ಅಡುಗೆ ಎರಡನ್ನೂ ಪಕ್ಕಕ್ಕಿಟ್ಟು ಆಟದ ವಿಷಯ ಬರೆಯುತ್ತಿದ್ದೇನೆ. ಕಾರಣ, ನಮ್ಮ ಮನೆಯಲ್ಲೇ ನಡೆದ ಒಂದು ಜಗಳ.

ಬೇಸಿಗೆ ರಜಕ್ಕೆ ಅಮೆರಿಕದ ನ್ಯೂಜೆರ್ಸಿಯಿಂದ ನಮ್ಮಣ್ಣನ ಮಗ ಡಬ್ಲಿನ್‌ಗೆ ಬಂದಿದ್ದ. ಅವನಿಗೆ ಹದಿಮೂರು ವರ್ಷ, ನನ್ನ ಮಗನಿಗೆ ಹನ್ನೊಂದು. ಅವನು ಬರುವ ಕೆಲವೇ ವಾರಗಳ ಮುಂಚೆ ನನ್ನ ಮಗನ ಫುಟ್‌ಬಾಲ್ ತಂಡ ತನ್ನ ಡಿವಿಷನ್‌ನಲ್ಲಿ ಕಟ್ಟಕಡೆಯ ಸ್ಥಾನಕ್ಕೆ ಬಂದು, ಕೆಳಗಿನ ಡಿವಿಷನ್‌ಗೆ ಇಳಿದಿತ್ತು. ಮಗ ಬೂಟುಗಳನ್ನು ಮೆಟ್ಟಿಲ ಕೆಳಗಿನ ಕಪಾಟಿಗೆ ಎಸೆದು "ಇನ್ನು ನಾನು ಆಡಲ್ಲ" ಎಂದು ಕೂತಿದ್ದ. ಅಣ್ಣನ ಮಗ ಅದಕ್ಕೆ ಒಗ್ಗರಣೆ ಹಾಕಿದ: "ಚಿಕ್ಕಪ್ಪ, ನಮ್ಮ ದೊಡ್ಡ ಲೀಗ್‌ಗಳಲ್ಲಿ ಕೊನೇಲಿ ಬಂದವರಿಗೆ ಮುಂದಿನ ವರ್ಷ ಎಲ್ಲರಿಗಿಂತ ಮೊದಲು ಒಳ್ಳೇ ಆಟಗಾರನ್ನ ಆರಿಸೋ ಅವಕಾಶ ಕೊಡ್ತಾರೆ. ಇಲ್ಲಿ ಯಾಕೆ ಪನಿಶ್‌ಮೆಂಟ್ ಕೊಡ್ತಾರೆ?"

ಮಗ ನನ್ನ ಮುಖ ನೋಡಿದ. ನನ್ನ ಹತ್ತಿರ ತಕ್ಷಣಕ್ಕೆ ಉತ್ತರ ಇರಲಿಲ್ಲ. ಶನಿವಾರ ಇಬ್ಬರನ್ನೂ ಡಾರ್ಟ್ ರೈಲು ಹತ್ತಿಸಿಕೊಂಡು ನನ್ನ ಆಫೀಸ್ ಇರುವ ಗ್ರ್ಯಾಂಡ್ ಕೆನಾಲ್ ಡಾಕ್‌ಗೆ ಕರೆದುಕೊಂಡು ಹೋದೆ. ಅಲ್ಲಿ ಓಡಾಡುತ್ತಾ ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆದಿದ್ದೇನೆ.

ಡಾಕ್ ಪಕ್ಕದಲ್ಲಿ ಹುಟ್ಟಿದ ಎರಡು ಕ್ಲಬ್‌ಗಳು

ಗ್ರ್ಯಾಂಡ್ ಕೆನಾಲ್ ಡಾಕ್ ಅಂದರೆ ಈಗ ನಮಗೆಲ್ಲ ನೆನಪಾಗುವುದು ಗಾಜಿನ ಕಟ್ಟಡಗಳು, ಕೆಂಪು ಕಂಬಗಳ ಚೌಕ ಮತ್ತು ದುಬಾರಿ ಬಾಡಿಗೆ. ಆದರೆ ಈ ಡಾಕ್ 1796ರಷ್ಟು ಹಳೆಯದು. ಇದರ ಪಕ್ಕದ ರಿಂಗ್ಸೆಂಡ್ ಹಡಗು, ಬಂದರಿನ ಕೆಲಸಗಾರರ ಬಡಾವಣೆಯಾಗಿತ್ತು. ಐರ್ಲೆಂಡಿನ ಎರಡು ಹೆಸರಾಂತ ಫುಟ್‌ಬಾಲ್ ಕ್ಲಬ್‌ಗಳು ಹುಟ್ಟಿದ್ದು ಇಲ್ಲೇ. 1895ರಲ್ಲಿ ಬಾತ್ ಅವೆನ್ಯೂ ಬಳಿಯ ಪಬ್ಬೊಂದರಲ್ಲಿ ಸೇರಿದ ಗೆಳೆಯರು ಕಟ್ಟಿದ್ದು ಶೆಲ್ಬರ್ನ್. ಹತ್ತಿರದ ಶೆಲ್ಬರ್ನ್ ರಸ್ತೆಯ ಹೆಸರನ್ನೇ ಕ್ಲಬ್ಬಿಗೆ ಇಟ್ಟರು. ಕೆಲವೇ ವರ್ಷಗಳ ನಂತರ ಇದೇ ರಿಂಗ್ಸೆಂಡ್‌ನಲ್ಲಿ ಶ್ಯಾಮ್‌ರಾಕ್ ರೋವರ್ಸ್ ಹುಟ್ಟಿತು. ಇಂದು ಶೆಲ್ಬರ್ನ್ ಊರಿನ ಉತ್ತರ ಭಾಗದ ಟೋಲ್ಕಾ ಪಾರ್ಕ್‌ನಲ್ಲೂ ರೋವರ್ಸ್ ಟಾಲಾದಲ್ಲೂ ಆಡುತ್ತವೆ, ಆದರೆ ಎರಡರ ತವರೂ ಇದೇ.

ಈ ಎರಡೂ ಕ್ಲಬ್‌ಗಳು ದೇಶದ ಚಾಂಪಿಯನ್ ಆಗಿವೆ, ಕೆಳಗೂ ಬಿದ್ದಿವೆ, ಮತ್ತೆ ಎದ್ದೂ ಬಂದಿವೆ.

ಏರುವುದು, ಇಳಿಯುವುದು ಹೇಗೆ?

ನಮ್ಮ ಸರ್ಕಾರಿ ಕಚೇರಿಗಳ ಭಾಷೆಯಲ್ಲಿ ಇದಕ್ಕೆ ಒಳ್ಳೆಯ ಪದಗಳಿವೆ: ಬಡ್ತಿ ಮತ್ತು ಹಿಂಬಡ್ತಿ. ಲೀಗ್ ಆಫ್ ಐರ್ಲೆಂಡ್ 1921ರಲ್ಲಿ ಎಂಟು ತಂಡಗಳೊಂದಿಗೆ ಶುರುವಾಯಿತು, ಎಂಟೂ ಡಬ್ಲಿನ್ ತಂಡಗಳೇ. 1985ರಲ್ಲಿ ಲೀಗನ್ನು ಎರಡು ಅಂತಸ್ತು ಮಾಡಿದರು: ಮೇಲೆ ಪ್ರೀಮಿಯರ್ ಡಿವಿಷನ್, ಕೆಳಗೆ ಫಸ್ಟ್ ಡಿವಿಷನ್. 'ಫಸ್ಟ್' ಅಂದರೂ ಅದು ಎರಡನೆಯದು!

2025ರ ಲೆಕ್ಕ ಹೀಗಿತ್ತು. ಪ್ರೀಮಿಯರ್‌ನಲ್ಲಿ ಹತ್ತು ತಂಡ, ಪ್ರತಿ ತಂಡಕ್ಕೂ 36 ಪಂದ್ಯ. ಹತ್ತನೆಯ ಸ್ಥಾನದವರು ನೇರ ಕೆಳಗೆ. ಫಸ್ಟ್ ಡಿವಿಷನ್‌ನ ಚಾಂಪಿಯನ್ ನೇರ ಮೇಲಕ್ಕೆ. ಕೆಳಗಿನ ಎರಡರಿಂದ ಐದನೆಯ ಸ್ಥಾನದವರು ತಮ್ಮತಮ್ಮಲ್ಲಿ ಪ್ಲೇಆಫ್ ಆಡಿ, ಗೆದ್ದವರು ಪ್ರೀಮಿಯರ್‌ನ ಒಂಬತ್ತನೆಯವರ ಎದುರು ಆಡಬೇಕು. ಗೆದ್ದವರಿಗೆ ಮೇಲಿನ ಜಾಗ.

ಡಾಕ್ ಲಿಫಿ ನದಿಯನ್ನು ಸೇರುವ ಕಡೆ ಹಳೆಯ ಲಾಕ್‌ಗಳಿವೆ. ಅಲ್ಲಿ ನಿಂತು ಮಕ್ಕಳಿಗೆ ತೋರಿಸಿದೆ. ದೋಣಿ ಒಳಗೆ ಬಂದ ಮೇಲೆ ಗೇಟು ಮುಚ್ಚಿ ನೀರು ತುಂಬಿದರೆ ದೋಣಿ ಮೇಲೇರುತ್ತದೆ, ನೀರು ಬಿಟ್ಟರೆ ಕೆಳಗಿಳಿಯುತ್ತದೆ. "ಇಳಿದ ದೋಣಿ ಮುಳುಗಿತಾ?" ಎಂದು ಕೇಳಿದೆ. ಇಬ್ಬರೂ ಇಲ್ಲ ಅಂದರು.

ಶೆಲ್ಬರ್ನ್‌ನ ಹದಿನೆಂಟು ವರ್ಷ

ಶೆಲ್ಬರ್ನ್ 2006ರಲ್ಲಿ ಚಾಂಪಿಯನ್ ಆಯಿತು. ಆದರೆ ಸಾಲ ಕುತ್ತಿಗೆಗೆ ಬಂದಿದ್ದರಿಂದ 2007ಕ್ಕೆ ಪ್ರೀಮಿಯರ್ ಪರವಾನಗಿ ಸಿಗದೆ, ಗೆದ್ದ ತಂಡವೇ ಕೆಳಗಿನ ಡಿವಿಷನ್‌ನಲ್ಲಿ ಆಡಬೇಕಾಯಿತು. 2008ರ ಕೊನೆಯ ದಿನ ಮೇಲೇರಲು ಬೇಕಿದ್ದದ್ದು ಒಂದು ಗೆಲುವು. ಹೆಚ್ಚುವರಿ ನಿಮಿಷಗಳಲ್ಲಿ ಎದುರಾಳಿ ಸಮ ಮಾಡಿದರು, ಬಡ್ತಿ ಡಂಡಾಕ್ ಪಾಲಾಯಿತು. 2011ರಲ್ಲಿ ಏರಿತು, 2013ರಲ್ಲಿ ಇಳಿಯಿತು, 2019ರಲ್ಲಿ ಏರಿತು, 2020ರಲ್ಲಿ ಪ್ಲೇಆಫ್ ಸೋತು ಮತ್ತೆ ಇಳಿಯಿತು, 2021ರಲ್ಲಿ ಮತ್ತೆ ಏರಿತು. ಕೊನೆಗೆ 2024ರ ನವೆಂಬರ್ 1ರಂದು ಡೆರ್ರಿಯಲ್ಲಿ 1-0 ಗೆದ್ದು, ಹದಿನೆಂಟು ವರ್ಷಗಳ ನಂತರ ಚಾಂಪಿಯನ್ ಆಯಿತು.

ರೋವರ್ಸ್ ಕಥೆಯೂ ಹೀಗೇ. 1987ರಲ್ಲಿ ಸ್ವಂತ ಮೈದಾನ ಕಳೆದುಕೊಂಡು ವರ್ಷಗಟ್ಟಲೆ ಬಾಡಿಗೆ ಮೈದಾನಗಳಲ್ಲಿ ಅಲೆಯಿತು. 2005ರಲ್ಲಿ ಹಣದ ಮುಗ್ಗಟ್ಟು, ಅಂಕ ಕಡಿತ, ಮೊದಲ ಹಿಂಬಡ್ತಿ ಎಲ್ಲವೂ ಒಟ್ಟಿಗೆ ಬಂದವು. ಅಭಿಮಾನಿಗಳೇ ಕೈಯಿಂದ ದುಡ್ಡು ಹಾಕಿ ಕ್ಲಬ್ಬನ್ನು ವಹಿಸಿಕೊಂಡರು. 2006ರಲ್ಲೇ ಮೇಲಕ್ಕೆ ಬಂದು, 2009ರಲ್ಲಿ ಟಾಲಾ ಮೈದಾನ ಸೇರಿ, 2010ರಲ್ಲಿ ಚಾಂಪಿಯನ್ ಆದರು.

ಇನ್ನು ಅಮೆರಿಕದ ಲೆಕ್ಕ

ಅಣ್ಣನ ಮಗ ಹೇಳಿದ್ದು ಸುಳ್ಳಲ್ಲ. ಎನ್‌ಎಫ್‌ಎಲ್‌ನಲ್ಲಿ 32, ಎನ್‌ಬಿಎಯಲ್ಲಿ 30 ತಂಡಗಳು. ಎಷ್ಟು ಸೋತರೂ ಯಾರೂ ಇಳಿಯುವುದಿಲ್ಲ, ಹೊರಗಿನವರು ಎಷ್ಟು ಗೆದ್ದರೂ ಏರುವುದಿಲ್ಲ. ಅಲ್ಲಿ ತಂಡದ ಜಾಗ ಒಂದು ಆಸ್ತಿ. 1936ರಲ್ಲಿ ಶುರುವಾದ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಅತಿ ಕಳಪೆ ತಂಡಕ್ಕೆ ಮೊದಲ ಆಯ್ಕೆ. ರಾಷ್ಟ್ರೀಯ ಟಿವಿ ಹಣವನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳುತ್ತಾರೆ. ಸಂಬಳಕ್ಕೆ ಮಿತಿ ಇದೆ. ಹಾಗಾಗಿ ಸುಮಾರು ಒಂದು ಲಕ್ಷ ಜನರ ಗ್ರೀನ್ ಬೇ ಊರಿನ ತಂಡ ನ್ಯೂಯಾರ್ಕ್ ತಂಡಗಳಿಗೆ ಸಮನಾಗಿ ನಿಲ್ಲುತ್ತದೆ. ಬಂಡವಾಳಶಾಹಿ ದೇಶ ಅನ್ನುತ್ತೇವೆ, ಆಟದಲ್ಲಿ ಅವರದು ಪಕ್ಕಾ ಹಂಚಿ ತಿನ್ನುವ ಮನೆ!

ಯುರೋಪಿನಲ್ಲಿ ಬಾಗಿಲು ತೆರೆದಿದೆ, ಆದರೆ ಹಣದ ಹಂಚಿಕೆ ಅಷ್ಟು ಸಮನಿಲ್ಲ. ಜರ್ಮನಿಯಲ್ಲಿ 2013ರಿಂದ 2023ರವರೆಗೆ ಸತತ ಹನ್ನೊಂದು ಸಲ ಬಯೆರ್ನ್ ಮ್ಯೂನಿಕ್ ಒಂದೇ ಗೆದ್ದಿತು. ಇಂಗ್ಲೆಂಡಿನಲ್ಲಿ ಕೆಳಗಿಳಿದವರ ಆದಾಯ ಎಷ್ಟು ಕುಸಿಯುತ್ತದೆ ಎಂದರೆ, ಅವರು ನೆಲಕ್ಕೆ ಅಪ್ಪಳಿಸದಿರಲಿ ಎಂದು ಕೆಲವು ವರ್ಷ 'ಪ್ಯಾರಾಚೂಟ್' ಹೆಸರಿನಲ್ಲಿ ದುಡ್ಡು ಕೊಡುತ್ತಾರೆ.

ಅಮೆರಿಕದ ಪದ್ಧತಿಗೂ ತನ್ನದೇ ತೊಂದರೆಗಳಿವೆ. ಕೊನೆಯ ಸ್ಥಾನಕ್ಕೆ ಬಹುಮಾನ ಇಟ್ಟರೆ ಬೇಕೆಂದೇ ಸೋಲುವವರು ಹುಟ್ಟಿಕೊಳ್ಳುತ್ತಾರೆ. ಇದಕ್ಕೆ ಕಡಿವಾಣ ಹಾಕಲು ಎನ್‌ಬಿಎ 1985ರಲ್ಲಿ ಲಾಟರಿ ತಂದಿತು. 2019ರಿಂದ ಅತಿ ಕಳಪೆಯ ಮೂರು ತಂಡಗಳಿಗೂ ಮೊದಲ ಆಯ್ಕೆಯ ಸಾಧ್ಯತೆ ಸಮನಾಗಿ ಶೇಕಡ 14 ಎಂದು ಮಾಡಿದರು.

ಇನ್ನೊಂದು, ಜಾಗ ಆಸ್ತಿಯಾದರೆ ಮಾಲೀಕ ಅದನ್ನು ಬೇರೆ ಊರಿಗೆ ಒಯ್ಯಬಹುದು. 2008ರಲ್ಲಿ ಸಿಯಾಟಲ್‌ನ ಬಾಸ್ಕೆಟ್‌ಬಾಲ್ ತಂಡ ಒಕ್ಲಹೋಮಾ ಸಿಟಿಗೆ ಹೋಯಿತು. 2012ರಲ್ಲಿ ನ್ಯೂಜೆರ್ಸಿ ನೆಟ್ಸ್ ಬ್ರೂಕ್ಲಿನ್‌ಗೆ ಹೋಯಿತು. ನಮ್ಮಣ್ಣ ಆ ನೆಟ್ಸ್ ಅಭಿಮಾನಿ, ಅವನಿಗೆ ಇವತ್ತಿಗೂ ಹೊಟ್ಟೆಯುರಿ! ಹೊಸದಾಗಿ ಒಳಗೆ ಬರಬೇಕಾದರೆ ದುಡ್ಡು ಕಟ್ಟಬೇಕು. 2023ರಲ್ಲಿ ಎಂಎಲ್‌ಎಸ್ ಸೇರಲು ಸ್ಯಾನ್ ಡಿಯಾಗೊ ಕೊಟ್ಟದ್ದು ಸುಮಾರು 50 ಕೋಟಿ ಡಾಲರ್ ಎಂದು ವರದಿಯಾಯಿತು.

ಹಾಗಂತ ಅಮೆರಿಕನ್ನರು ಈ ಬಗ್ಗೆ ಯೋಚಿಸುತ್ತಿಲ್ಲ ಎಂದಲ್ಲ. ಎಂಎಲ್‌ಎಸ್‌ಗಿಂತ ಕೆಳಗಿನ ಹಂತದ ಯುಎಸ್‌ಎಲ್ ಸಂಸ್ಥೆಯ ಕ್ಲಬ್‌ಗಳು ತಮ್ಮ ಡಿವಿಷನ್‌ಗಳ ನಡುವೆ ಬಡ್ತಿ-ಹಿಂಬಡ್ತಿ ತರಬೇಕೆಂದು 2025ರ ಮಾರ್ಚ್‌ನಲ್ಲಿ ತೀರ್ಮಾನಿಸಿದವು. ಇತ್ತ ಯುರೋಪಿನಲ್ಲಿ 2021ರ ಏಪ್ರಿಲ್‌ನಲ್ಲಿ ಹನ್ನೆರಡು ಶ್ರೀಮಂತ ಕ್ಲಬ್‌ಗಳು ತಮಗೆ ಕಾಯಂ ಜಾಗ ಇರುವ ಸೂಪರ್ ಲೀಗ್ ಘೋಷಿಸಿದವು. ಅಭಿಮಾನಿಗಳು ಬೀದಿಗಿಳಿದರು, ಇಂಗ್ಲೆಂಡಿನ ಆರೂ ಕ್ಲಬ್‌ಗಳು ಎರಡೇ ದಿನದಲ್ಲಿ ಹಿಂದೆ ಸರಿದವು.

ನಮ್ಮ ಬೆಂಗಳೂರಿನ ಮಾತು

ನಮಗೆ ಎರಡೂ ಪದ್ಧತಿ ಗೊತ್ತಿರುವುದೇ. ರಣಜಿ ಟ್ರೋಫಿಯಲ್ಲಿ ಎಲೈಟ್, ಪ್ಲೇಟ್ ಎಂಬ ಅಂತಸ್ತುಗಳಿವೆ. ಐಪಿಎಲ್ ಅಮೆರಿಕದ ಮಾದರಿ. ಆರ್‌ಸಿಬಿ 2017ರಲ್ಲೂ 2019ರಲ್ಲೂ ಕಟ್ಟಕಡೆಯ ಸ್ಥಾನದಲ್ಲಿತ್ತು. ಹಿಂಬಡ್ತಿ ಇದ್ದಿದ್ದರೆ 'ಈ ಸಲ ಕಪ್ ನಮ್ದೇ' ಎಂದು ಕೂಗಲು ಮೇಲಿನ ಲೀಗ್‌ನಲ್ಲಿ ನಮ್ಮ ತಂಡವೇ ಇರುತ್ತಿರಲಿಲ್ಲ! 2025ರ ಜೂನ್ 3ರಂದು ಕಪ್ ಬಂದದ್ದು ಆ ರಕ್ಷಣೆಯಿಂದಲೂ ಹೌದು.

ಫುಟ್‌ಬಾಲ್ ಕಥೆ ಮಾತ್ರ ಸ್ವಲ್ಪ ಕಹಿ. ಬೆಂಗಳೂರಿನ ಎಚ್‌ಎಎಲ್ ತಂಡ 2010ರಲ್ಲಿ ಎರಡನೇ ಡಿವಿಷನ್‌ನಿಂದ ಆಡಿ ಗೆದ್ದೇ ಐ-ಲೀಗ್‌ಗೆ ಏರಿತು, 2012ರಲ್ಲಿ ಸೋತು ಇಳಿಯಿತು. 2013ರಲ್ಲಿ ಜೆಎಸ್‌ಡಬ್ಲ್ಯೂ ಕಂಪನಿ ಬಿಡ್ ಗೆದ್ದು ಕಟ್ಟಿದ ಬೆಂಗಳೂರು ಎಫ್‌ಸಿ ನೇರವಾಗಿ ಮೇಲಿನ ಲೀಗ್‌ನಲ್ಲೇ ಶುರು ಮಾಡಿತು. ಮೊದಲ ವರ್ಷವೇ ಚಾಂಪಿಯನ್ ಆಯಿತು, ನಾನೂ ಕುಣಿದಿದ್ದೆ.

ಈಗ ಮಿಜೋರಾಮಿನ ಐಜ್ವಾಲ್ ಎಫ್‌ಸಿ ನೋಡಿ. 2016ರಲ್ಲಿ ಹಿಂಬಡ್ತಿ ಪಡೆದಿದ್ದ ತಂಡ. ಗೋವಾದ ಕ್ಲಬ್‌ಗಳು ಹಿಂದೆ ಸರಿದದ್ದರಿಂದ ಮತ್ತೆ ಅವಕಾಶ ಸಿಕ್ಕಿ, 2017ರಲ್ಲಿ ಐ-ಲೀಗ್ ಗೆದ್ದೇ ಬಿಟ್ಟಿತು. ಅದೇ ವರ್ಷ ಐಎಸ್‌ಎಲ್‌ಗೆ ಎರಡು ಹೊಸ ತಂಡಗಳನ್ನು ಸೇರಿಸಿಕೊಂಡರು. ಬಿಡ್ ಮಾಡಿದ ಬೆಂಗಳೂರು ಮತ್ತು ಜೆಮ್‌ಶೆಡ್‌ಪುರ ಒಳಗೆ ಹೋದವು. ದೇಶದ ಚಾಂಪಿಯನ್ ಐಜ್ವಾಲ್ ಹೊರಗೇ ಉಳಿಯಿತು. ನಮ್ಮ ಊರಿಗೆ ಲಾಭವಾಯಿತು ಎಂದು ಸಂತೋಷಪಡುವಾಗ ಐಜ್ವಾಲ್‌ನ ಹುಡುಗರಿಗೆ ಏನು ಹೇಳುವುದು?

ಮುಂದೆ ಬಾಗಿಲು ಅರ್ಧ ತೆರೆಯಿತು. 2023ರಲ್ಲಿ ಪಂಜಾಬ್, 2024ರಲ್ಲಿ ಕೋಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್ ಐ-ಲೀಗ್ ಗೆದ್ದು ಐಎಸ್‌ಎಲ್‌ಗೆ ಬಡ್ತಿ ಪಡೆದವು. ಆದರೆ 2024ರಲ್ಲಿ ಕೊನೆಯ ಸ್ಥಾನಕ್ಕಿಳಿದ ಹೈದರಾಬಾದ್ ಮುಂದಿನ ವರ್ಷವೂ ಅಲ್ಲೇ ಆಡಿತು.

ಹಾಗಾದರೆ ಯಾವುದು ಸರಿ?

ನನ್ನ ಅಭಿಪ್ರಾಯ ಇಷ್ಟು. ಅಮೆರಿಕದ ಪದ್ಧತಿ ಒಳಗಿರುವವರಿಗೆಲ್ಲ ಸಮಾನ ಅವಕಾಶ ಕೊಡುತ್ತದೆ. ಇಲ್ಲಿಯದು ಹೊರಗಿರುವವರಿಗೂ ಅವಕಾಶ ಕೊಡುತ್ತದೆ. ನಾವು ವಲಸೆ ಬಂದವರು, ಒಂದಲ್ಲ ಒಂದು ಬಾಗಿಲ ಹೊರಗೆ ನಿಂತವರು. ಹಾಗಾಗಿ ನನ್ನ ಮನಸ್ಸು ತೆರೆದ ಬಾಗಿಲ ಕಡೆಗೇ ವಾಲುತ್ತದೆ. ಆದರೆ ಬಾಗಿಲು ತೆರೆದಿದ್ದರೆ ಹೊರಗೆ ಹೋಗುವ ಸರದಿ ನಮ್ಮದೂ ಆಗಬಹುದು, ಅದನ್ನೂ ಒಪ್ಪಿಕೊಳ್ಳಬೇಕು.

ಮಗನನ್ನು ಒಂದೇ ಪ್ರಶ್ನೆ ಕೇಳಿದೆ: "ಹೋದ ವರ್ಷ ಎಷ್ಟು ಪಂದ್ಯದಲ್ಲಿ ನಿನಗೆ ಚೆಂಡು ಸರಿಯಾಗಿ ಸಿಕ್ತು?" ಅವನು ಯೋಚಿಸಿ, "ಎರಡೋ ಮೂರೋ. ಬರೀ ಏಳು-ಸೊನ್ನೆ, ಎಂಟು-ಸೊನ್ನೆ ಸೋತ್ವಿ ಅಪ್ಪ" ಅಂದ. "ಕೆಳಗಿನ ಡಿವಿಷನ್‌ನಲ್ಲಿ ನಿಮ್ಮಷ್ಟೇ ಆಡೋರು ಇರ್ತಾರೆ. ಅಲ್ಲಿ ನಿನಗೆ ಆಟ ಸಿಗುತ್ತೆ" ಎಂದೆ. ಅವನೇನೂ ಹೇಳಲಿಲ್ಲ. ಅಣ್ಣನ ಮಗ ಮಾತ್ರ, "ಮತ್ತೆ ಮೇಲೆ ಬರಬಹುದು ಅಂದ್ರೆ ಇದು ಪನಿಶ್‌ಮೆಂಟ್ ಅಲ್ಲ ಬಿಡು" ಎಂದು ತಮ್ಮನ ಬೆನ್ನು ತಟ್ಟಿದ.

ಆಗಸ್ಟ್ ಕೊನೆಯಲ್ಲಿ ಮಗ ಕಪಾಟಿನಿಂದ ಬೂಟು ತೆಗೆದ. ಕಾಲಿಗೆ ಚಿಕ್ಕದಾಗಿತ್ತು, ಹೊಸದು ಕೊಡಿಸಬೇಕಾಯಿತು. ಹೊಸ ಡಿವಿಷನ್‌ನ ಮೊದಲ ಪಂದ್ಯ 2-2 ಸಮ. ಅವನೇನೂ ಗೋಲು ಹೊಡೆಯಲಿಲ್ಲ. ಆದರೆ ಮನೆ ತಲುಪುವವರೆಗೂ ಕಾರಿನಲ್ಲಿ ಆ ಪಂದ್ಯದ ಮಾತೇ.

ಮನೆಯಲ್ಲಿ ಮಕ್ಕಳೊಂದಿಗೆ ಮಾತಾಡಲು ಮೂರು ಪ್ರಶ್ನೆಗಳು

1. ಕೊನೆಯ ಸ್ಥಾನಕ್ಕೆ ಬಂದ ತಂಡಕ್ಕೆ ಸಹಾಯ ಮಾಡಬೇಕೋ, ಅದರ ಜಾಗವನ್ನು ಬೇರೆಯವರಿಗೆ ಕೊಡಬೇಕೋ?
2. ಐಪಿಎಲ್‌ನಲ್ಲಿ ಹಿಂಬಡ್ತಿ ಬಂದರೆ ಯಾರಿಗೆ ಲಾಭ, ಯಾರಿಗೆ ನಷ್ಟ? ಮೈಸೂರಿಗೋ ಹುಬ್ಬಳ್ಳಿಗೋ ಒಂದು ತಂಡ ಬರಬಹುದೇ?
3. ಟಿವಿ ಹಣವನ್ನು ಸಮನಾಗಿ ಹಂಚಿ, ಬಾಗಿಲನ್ನೂ ತೆರೆದಿಡುವ ಲೀಗ್ ಸಾಧ್ಯವೇ? ನೀವಾದರೆ ಅದರ ನಿಯಮ ಹೇಗೆ ಬರೆಯುತ್ತೀರಿ?

ಮಕ್ಕಳ ಉತ್ತರಗಳನ್ನು ಕನ್ನಡದಲ್ಲೇ ಬರೆಸಿ ಕಳಿಸಿ, ತಪ್ಪಿದ್ದರೂ ಪರವಾಗಿಲ್ಲ. ಮೂರನೆಯ ಪ್ರಶ್ನೆಗೆ ನನ್ನ ಬಳಿಯೂ ಪೂರ್ತಿ ಉತ್ತರವಿಲ್ಲ.


ನಿಮ್ಮವನೇ ಒಬ್ಬ ಡಬ್ಲಿನ್ ಕನ್ನಡಿಗ