ಗಣಕಯಂತ್ರಕ್ಕೆ ಜೋಡಿ ಮೆಮೊರಿ: ಕೊಳ್ಳುವ ಮುನ್ನ ತಿಳಿಯಬೇಕಾದುದು

ಮಾಸಿಕ ಜಿಎಸ್‌ಟಿ ವಿವರಪಟ್ಟಿ ಸಲ್ಲಿಸುವ ವ್ಯಾಪಾರಸ್ಥರಿಗೆ ಪ್ರತಿ ತಿಂಗಳ 11 ಮತ್ತು 20ನೆಯ ತಾರೀಖುಗಳು ಮುಖ್ಯವಾದವು. ಕಾರವಾರದ ಹಾರ್ಡ್‌ವೇರ್ ಅಂಗಡಿಯಿರಲಿ, ಅಂಕೋಲಾದ ಗೋಡಂಬಿ ಕಾರ್ಖಾನೆಯಿರಲಿ, ಆ ದಿನಗಳಲ್ಲಿ ಟ್ಯಾಲಿ, ಎಕ್ಸೆಲ್ ಹಾಗೂ ಜಿಎಸ್‌ಟಿ ಜಾಲತಾಣ ಮೂರನ್ನೂ ಒಟ್ಟಿಗೆ ತೆರೆದಿಡಬೇಕಾಗುತ್ತದೆ. ಆಗ ಯಂತ್ರವು ಆಮೆಯ ನಡಿಗೆ ಹಿಡಿದರೆ ತಾರೀಖು ಮೀರಿ ವಿಳಂಬ ಶುಲ್ಕ ತೆರಬೇಕಾದೀತು. ಇರುವ ಯಂತ್ರಕ್ಕೆ ಮೆಮೊರಿ ಸೇರಿಸುವುದು ಹೊಸ ಯಂತ್ರ ಕೊಳ್ಳುವುದಕ್ಕಿಂತ ಮಿತವ್ಯಯದ ಮಾರ್ಗವೇನೋ ಸರಿ. ಆದರೆ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ದರ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ಆದ್ದರಿಂದ ನೋಡಿ, ಅಳೆದು ಕೊಳ್ಳುವುದು ಲೇಸು.

1. ಕೊರತೆ ಮೆಮೊರಿಯದೇ?

ಮೆಮೊರಿಯನ್ನು ಅಂಗಡಿಯ ಮೇಜಿಗೂ ಹಾರ್ಡ್‌ಡಿಸ್ಕನ್ನು ಹಿಂದಿನ ಗೋದಾಮಿಗೂ ಹೋಲಿಸಬಹುದು. ಮೇಜು ತುಂಬಿದಾಗ ಪ್ರತಿಯೊಂದು ಕಡತಕ್ಕೂ ಗೋದಾಮಿಗೆ ಓಡಾಡಬೇಕಾಗುತ್ತದೆ. ಯಂತ್ರ ನಿಧಾನವಾಗುವುದು ಇದರಿಂದಲೇ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಕೆಲಸದ ಒತ್ತಡವಿರುವಾಗ ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಶೇ. 85–90 ದಾಟಿದ್ದರೆ ಮೆಮೊರಿ ಸಾಲದೆಂದು ತಿಳಿಯಬಹುದು. ಮೆಮೊರಿ ಅರ್ಧದಷ್ಟೇ ಬಳಕೆಯಾಗಿದ್ದು ಡಿಸ್ಕ್ ಮಾತ್ರ ಶೇ. 100 ತೋರಿಸುತ್ತಿದ್ದರೆ, ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸುವುದೇ ಪರಿಹಾರ. 32 ಬಿಟ್‌ನ ವಿಂಡೋಸ್ ಇದ್ದಲ್ಲಿ ಅದು 4 ಜಿಬಿಗಿಂತ ಹೆಚ್ಚಿನ ಮೆಮೊರಿಯನ್ನು ಬಳಸಲಾರದು ಎಂಬುದೂ ನೆನಪಿರಲಿ.

2. ಜೋಡಿಯಿಂದ ಲಾಭವೇನು?

ಡಿಡಿಆರ್4 ಮೆಮೊರಿಯ ಒಂದು ಪಟ್ಟಿ ಪ್ರೊಸೆಸರಿನೊಡನೆ 64 ಬಿಟ್ ಅಗಲದ ಒಂದು ದಾರಿಯಲ್ಲಿ ವ್ಯವಹರಿಸುತ್ತದೆ. ಸಮಾನವಾದ ಎರಡು ಪಟ್ಟಿಗಳನ್ನು ಎರಡು ದಾರಿಗಳಲ್ಲಿ ಹಾಕಿದರೆ ಅಗಲ 128 ಬಿಟ್ ಆಗುತ್ತದೆ. ಡಿಡಿಆರ್4-2400ರ ಒಂದು ಪಟ್ಟಿ ಸೆಕೆಂಡಿಗೆ ಗರಿಷ್ಠ 19.2 ಜಿಬಿ ಸಾಗಿಸಬಲ್ಲದು. ಜೋಡಿಯ ಸಾಮರ್ಥ್ಯ 38.4 ಜಿಬಿ. ಇದರಿಂದ ಲೆಕ್ಕಪತ್ರದ ಕೆಲಸವೂ ಇಮ್ಮಡಿ ವೇಗವಾಗುತ್ತದೆಂದು ತಿಳಿಯಬಾರದು. ಅಲ್ಲಿ ಮುಖ್ಯ ಪ್ರಯೋಜನ ದೊರೆಯುವುದು ಮೆಮೊರಿಯ ಒಟ್ಟು ಪ್ರಮಾಣದಿಂದ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಚಿತ್ರ, ವಿನ್ಯಾಸದ ಕೆಲಸ ಮಾಡುವವರಿಗೆ ಜೋಡಿಯ ಲಾಭ ಸ್ಪಷ್ಟವಾಗಿ ಕಾಣುತ್ತದೆ.

3. ಹೊಂದಾಣಿಕೆಯ ಅಂಶಗಳು

ಮೊದಲನೆಯದು ತಲೆಮಾರು. ಪಟ್ಟಿಯ ಮೇಲಿನ ಚೀಟಿಯಲ್ಲಿ ಪಿಸಿ3 ಎಂದಿದ್ದರೆ ಅದು ಡಿಡಿಆರ್3, ಪಿಸಿ4 ಎಂದಿದ್ದರೆ ಡಿಡಿಆರ್4. ಇವುಗಳ ಕಚ್ಚುಗಳ ಸ್ಥಾನವೇ ಬೇರೆ. ಒಂದರ ಜಾಗದಲ್ಲಿ ಮತ್ತೊಂದು ಕೂಡದು. ಎರಡನೆಯದು ಆಕಾರ: ಸಾಮಾನ್ಯ ಡೆಸ್ಕ್‌ಟಾಪಿನ ಪಟ್ಟಿ ಉದ್ದ, ಲ್ಯಾಪ್‌ಟಾಪಿನದು ಗಿಡ್ಡ. ಮೂರನೆಯದು ವೇಗ: ಬೇರೆ ಬೇರೆ ವೇಗದವನ್ನು ಕೂಡಿಸಿದರೆ ಎಲ್ಲವೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. ನಾಲ್ಕನೆಯದು ಪ್ರಮಾಣ: 4 ಜಿಬಿ ಇದ್ದಲ್ಲಿ ಇನ್ನೊಂದು 4 ಜಿಬಿ ಸೇರಿಸಿದರೆ ಸರಿಜೋಡಿಯಾಗುತ್ತದೆ. ಸಾಧ್ಯವಾದರೆ ಒಂದೇ ಪೊಟ್ಟಣದಲ್ಲಿ ಬರುವ ಜೋಡಿಯನ್ನೇ ಕೊಳ್ಳುವುದು ಕ್ಷೇಮ. ಅಗ್ಗವೆಂದು ಸರ್ವರ್‌ನಿಂದ ಕಳಚಿದ ರಿಜಿಸ್ಟರ್ಡ್ ಮೆಮೊರಿ ತಂದರೆ ಅದು ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ ನಡೆಯದು.

4. ಹಣ ಹೂಡಬಾರದ ಯಂತ್ರ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಇಂಟೆಲ್ 8ನೆಯ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳು ಸಾಮಾನ್ಯವಾಗಿ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಎಷ್ಟು ಮೆಮೊರಿ ಸೇರಿಸಿದರೂ ಈ ಕೊರತೆ ನೀಗದು. ಡಿಡಿಆರ್3ರ ಕಾಲದ ಯಂತ್ರವಿರುವವರು ಆ ಹಣವನ್ನು ಹೊಸ ಯಂತ್ರಕ್ಕೆಂದು ಕೂಡಿಡುವುದು ಮೇಲು.

5. ಜೋಡಣೆ ಮತ್ತು ಕಡಲ ಗಾಳಿ

ಯಂತ್ರವನ್ನು ಆರಿಸಿ, ವಿದ್ಯುತ್ ತಂತಿಯನ್ನು ಕಿತ್ತು, ಒಳಗಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿದ ನಂತರವೇ ಕೈಹಾಕಬೇಕು. ನಾಲ್ಕು ಸ್ಲಾಟುಗಳಿರುವ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ 2 ಮತ್ತು 4ನೆಯವು ಸಾಮಾನ್ಯವಾಗಿ ಜೋಡಿಯ ಸ್ಥಾನಗಳು. ಮದರ್‌ಬೋರ್ಡಿನ ಕೈಪಿಡಿಯನ್ನು ನೋಡಿ ಖಚಿತಪಡಿಸಿಕೊಳ್ಳಬೇಕು. ನಮ್ಮ ಕರಾವಳಿಯ ಉಪ್ಪುಗಾಳಿ ಮತ್ತು ಮಳೆಗಾಲದ ತೇವ ಲೋಹದ ಸಂಪರ್ಕಗಳನ್ನು ಮಸಕಾಗಿಸುತ್ತವೆ. ಹೀಗಾಗಿ ಕೆಲವೊಮ್ಮೆ ಹಳೆಯ ಪಟ್ಟಿಯನ್ನು ತೆಗೆದು, ಸಂಪರ್ಕದ ಅಂಚನ್ನು ಐಸೊಪ್ರೊಪಿಲ್ ಆಲ್ಕೊಹಾಲಿನಿಂದ ಒರೆಸಿ, ಒಣಗಿಸಿ ಮತ್ತೆ ಕೂರಿಸಿದಾಗಲೇ ದೋಷ ಪರಿಹಾರವಾಗುವುದುಂಟು. ಹೊಸದನ್ನು ಕೂರಿಸಿದ ಮೇಲೆ ವಿಂಡೋಸ್ ಮೆಮೊರಿ ಡಯಗ್ನೋಸ್ಟಿಕ್ ಪರೀಕ್ಷೆಯನ್ನು ಒಮ್ಮೆ ನಡೆಸಬೇಕು. ದೋಷವುಳ್ಳ ಮೆಮೊರಿ ಲೆಕ್ಕದ ಕಡತವನ್ನೇ ಕೆಡಿಸಬಲ್ಲದು. ಆದಕಾರಣ ಕೆಲಸಕ್ಕೆ ತೊಡಗುವ ಮುನ್ನವೇ ಬ್ಯಾಕಪ್ ತೆಗೆದಿಡುವುದು ಅವಶ್ಯ.

6. ಬಿಲ್ಲಿನ ವಿಷಯ

ನೋಂದಾಯಿತ ವ್ಯಾಪಾರಸ್ಥರು ತಮ್ಮ ಜಿಎಸ್‌ಟಿ ಸಂಖ್ಯೆ ನಮೂದಿಸಿದ ಬಿಲ್ ಪಡೆದರೆ ಹೂಡುವಳಿ ತೆರಿಗೆಯ ಜಮೆ ದೊರೆಯುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಈ ಅನುಕೂಲವಿಲ್ಲ. ಗಡಿ ದಾಟಿ ಮಡಗಾಂವಿನಿಂದ ತರುವವರು ವಿಶೇಷವಾಗಿ ಗಮನಿಸಬೇಕು: ಬಿಲ್ಲಿನಲ್ಲಿ ಐಜಿಎಸ್‌ಟಿಯ ಬದಲು ಗೋವಾದ ರಾಜ್ಯ ಜಿಎಸ್‌ಟಿ ಹಾಕಿದ್ದರೆ ಕರ್ನಾಟಕದ ನೋಂದಣಿಯಲ್ಲಿ ಅದರ ಜಮೆ ಸಿಗದು. ಹೊಂದದಿದ್ದರೆ ಹಿಂದಿರುಗಿಸುವ ಷರತ್ತನ್ನೂ ವಾರಂಟಿಯ ಅವಧಿಯನ್ನೂ ಬಿಲ್ಲಿನಲ್ಲಿಯೇ ಬರೆಸಿಕೊಳ್ಳತಕ್ಕದ್ದು.

ಒಟ್ಟಿನಲ್ಲಿ, ಕೊರತೆಯನ್ನು ಅಳೆದು, ಹಳೆಯ ಪಟ್ಟಿಯ ಚೀಟಿಯನ್ನು ಓದಿ, ಅದಕ್ಕೆ ಸರಿಹೊಂದುವುದನ್ನೇ ಕೊಂಡರೆ ಇರುವ ಯಂತ್ರವೇ ಇನ್ನೂ ಕೆಲವು ವರ್ಷ ದುಡಿದೀತು. ಕೊಳ್ಳಲು ಹೋಗುವಾಗ ಆ ಚೀಟಿಯ ಛಾಯಾಚಿತ್ರ ಜೊತೆಯಲ್ಲಿರಲಿ.