ಧರ್ಮಸಭೆಯಲ್ಲಿ ಎರಡನೆಯ ಪರದೆ: ಒಂದು ಅಧ್ಯಯನ

ಧರ್ಮಶ್ರವಣವು ಶ್ರಾವಕನ ಕರ್ತವ್ಯಗಳಲ್ಲಿ ಮುಖ್ಯವಾದುದು. ‘ಶ್ರಾವಕ’ ಎಂಬ ಪದಕ್ಕೆ ಕೇಳುವವನು ಎಂದೇ ಅರ್ಥ. ಆದುದರಿಂದ ಕೇಳುವವನಿಗೆ ಧರ್ಮದ ಮಾತು ನೆಟ್ಟಗೆ ತಲುಪುವಂತೆ ನೋಡಿಕೊಳ್ಳುವುದು ಸಭೆ ನಡೆಸುವವರ ಹೊಣೆಯಾಗಿದೆ. ಹಿಂದೆ ಈ ಹೊಣೆಯು ಜಮಖಾನ ಹಾಸುವುದು, ಧ್ವನಿವರ್ಧಕ ಕಟ್ಟುವುದು ಇಷ್ಟರಲ್ಲಿ ಮುಗಿಯುತ್ತಿತ್ತು. ಈಗ ಅದಕ್ಕೆ ಹೊಸದೊಂದು ಕೆಲಸವು ಸೇರಿಕೊಂಡಿದೆ. ಅದರ ಬಗೆಗೆ ನಾಲ್ಕು ಮಾತುಗಳನ್ನು ಧರ್ಮಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

2020ನೆಯ ಮಾರ್ಚ್ 25ರಿಂದ ದೇಶದಾದ್ಯಂತ ಸಂಚಾರ ನಿರ್ಬಂಧವಾದಾಗ ಬಸದಿಗಳ ಬಾಗಿಲುಗಳು ಮುಚ್ಚಿದವು. ಆ ವರ್ಷದ ಮಹಾವೀರ ಜಯಂತಿಯನ್ನು ಏಪ್ರಿಲ್ 6ರಂದು ಎಲ್ಲರೂ ಮನೆಗಳಲ್ಲಿಯೇ ಆಚರಿಸಿದರು. ಪರ್ಯೂಷಣದ ಕೊನೆಯ ಎರಡು ದಿನಗಳಿಗಾಗಿ ಮುಂಬಯಿಯ ಮೂರು ಜಿನಮಂದಿರಗಳನ್ನು ತೆರೆಯಲು ಸರ್ವೋಚ್ಚ ನ್ಯಾಯಾಲಯವು ಆಗಸ್ಟ್ 21ರಂದು ಅನುಮತಿ ನೀಡಬೇಕಾಯಿತು. ಆ ಕಾಲದಲ್ಲಿ ಮೊಬೈಲ್ ಮೂಲಕ ಪ್ರವಚನ ಕೇಳುವ ರೂಢಿಯು ಮನೆಮನೆಗೂ ಬಂದಿತು. ಬಾಗಿಲುಗಳು ತೆರೆದ ಮೇಲೂ ಆ ರೂಢಿಯು ನಿಲ್ಲಲಿಲ್ಲ. ಅರ್ಧ ಜನರು ಸಭಾಭವನದಲ್ಲಿಯೂ ಉಳಿದವರು ಮನೆಯಲ್ಲಿಯೂ ಕುಳಿತು ಒಂದೇ ಪ್ರವಚನವನ್ನು ಕೇಳುವ ಸಭೆಗಳು ಈಗ ನಡೆಯುತ್ತಿವೆ. ಇವನ್ನು ಮಿಶ್ರಸಭೆ ಎಂದು ಕರೆಯೋಣ.

ನಮ್ಮ ಪ್ರದೇಶಕ್ಕೆ ಇದರ ಅಗತ್ಯ ಹೆಚ್ಚು. ಧರ್ಮಪುರಿಯು 1965ರ ಅಕ್ಟೋಬರ್ 2ರಂದು ಸೇಲಂನಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾಯಿತು. 2004ರಲ್ಲಿ ಕೃಷ್ಣಗಿರಿಯು ಧರ್ಮಪುರಿಯಿಂದ ಬೇರೆಯಾಯಿತು. ಜಿಲ್ಲೆಗಳು ಬೇರೆಯಾದರೂ ನಂಟಸ್ತಿಕೆ ಬೇರೆಯಾಗಲಿಲ್ಲ. ಮನೆಯಲ್ಲಿ ಕನ್ನಡವನ್ನೂ ಅಂಗಡಿಯಲ್ಲಿ ತಮಿಳನ್ನೂ ಆಡುವ ಕುಟುಂಬಗಳು ಊರೂರುಗಳಲ್ಲಿ ಚದುರಿಹೋಗಿವೆ. ಪೆಣ್ಣಾಗರ, ಪಾಲಕ್ಕೋಡು, ಹರೂರುಗಳಲ್ಲಿ ಇರುವ ವೃದ್ಧರು ಸಂಜೆಯ ಪ್ರವಚನಕ್ಕಾಗಿ ಬಸ್ಸು ಹತ್ತಿ ಸೇಲಂಗೆ ಬಂದು ರಾತ್ರಿ ಹಿಂತಿರುಗುವುದು ಸಾಧ್ಯವಿಲ್ಲ. ಕರ್ನಾಟಕದ ವಿದ್ವಾಂಸರೂ ಪ್ರತಿಸಲವೂ ಇಲ್ಲಿಗೆ ಬರಲಾರರು. ಈ ಎರಡು ಕೊರತೆಗಳನ್ನೂ ಮಿಶ್ರಸಭೆಯು ನೀಗುತ್ತದೆ. ಆದರೆ ಅದರ ಯಶಸ್ಸು ಸಭಾಭವನದ ಗೋಡೆಯ ಮೇಲಿನ ಪರದೆಯಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ಅವಲಂಬಿಸಿದೆ.

ತಕ್ಕಡಿಯ ಎರಡು ಮುಖಗಳು

ಲ್ಯಾಪ್‌ಟಾಪ್ ಒಂದಕ್ಕೆ ಪ್ರೊಜೆಕ್ಟರನ್ನೋ ದೊಡ್ಡ ಟಿ.ವಿ.ಯನ್ನೋ ಕೇಬಲ್ ಮೂಲಕ ಜೋಡಿಸಿದಾಗ ಎರಡು ಪರದೆಗಳಾಗುತ್ತವೆ. ಒಂದು ಕಂಪ್ಯೂಟರ್ ನಡೆಸುವವರ ಎದುರಿನದು. ಮತ್ತೊಂದು ಸಭೆಯ ಎದುರಿನದು. ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನೂ ‘ಪಿ’ ಕೀಲಿಯನ್ನೂ ಒಟ್ಟಿಗೆ ಒತ್ತಿದರೆ ನಾಲ್ಕು ಆಯ್ಕೆಗಳು ಬರುತ್ತವೆ. ಅವುಗಳಲ್ಲಿ ‘ಡುಪ್ಲಿಕೇಟ್’, ‘ಎಕ್ಸ್‌ಟೆಂಡ್’ ಎಂಬ ಎರಡನ್ನು ಚೆನ್ನಾಗಿ ತಿಳಿದಿರಬೇಕು.

ವ್ಯಾಪಾರಿಗಳಾದ ನಮಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ಎರಡು ಮುಖಗಳಿರುತ್ತವೆ. ನಮಗೆ ಕಾಣುವ ಅಂಕಿಯೇ ಗಿರಾಕಿಗೂ ಕಾಣಬೇಕು. ಬೇರೆ ಕಂಡರೆ ಅದು ಮೋಸ. ಇದು ‘ಡುಪ್ಲಿಕೇಟ್’ ವಿಧಾನ. ಆದರೆ ಅದೇ ಅಂಗಡಿಯಲ್ಲಿ ಸರಕು ತೋರಿಸುವ ಗಾಜಿನ ಕಪಾಟು ಗಿರಾಕಿಯ ಕಡೆಗಿರುತ್ತದೆ, ಖಾತೆ ಪುಸ್ತಕವು ನಮ್ಮ ಕಡೆಗಿರುತ್ತದೆ. ಯಾರ ಬಾಕಿ ಎಷ್ಟೆಂಬುದನ್ನು ಕಪಾಟಿನಲ್ಲಿ ತೂಗುಹಾಕುವ ವ್ಯಾಪಾರಿ ಯಾವನೂ ಇಲ್ಲ. ಇದು ‘ಎಕ್ಸ್‌ಟೆಂಡ್’ ವಿಧಾನ. ಧರ್ಮಸಭೆಗೆ ಬೇಕಾದುದು ಈ ಎರಡನೆಯ ವಿಧಾನವೇ. ‘ಡುಪ್ಲಿಕೇಟ್’ನಲ್ಲಿ ಕಡತ ಹುಡುಕುವುದು, ಬೆರಳು ತಪ್ಪಿ ಒತ್ತುವುದು, ಬ್ಯಾಂಕಿನ ಸಂದೇಶ, ದಾನಿಗಳ ಹೆಸರಿನ ಪಟ್ಟಿ ಇವೆಲ್ಲವೂ ಸಭೆಯ ಕಣ್ಣಿಗೆ ಬೀಳುತ್ತವೆ. ಗುಪ್ತದಾನ ಕೊಟ್ಟವರ ಹೆಸರು ಗೋಡೆಯ ಮೇಲೆ ಮೂಡಿದರೆ ಅವರ ಸಂಕಲ್ಪಕ್ಕೆ ನಾವೇ ಭಂಗ ತಂದಂತಾಗುತ್ತದೆ.

ಸಭೆಯ ಮುಂದೆ ಇಡುವುದನ್ನು ಮೊದಲೇ ನಿಶ್ಚಯಿಸಿ ಇಡುವುದು ನಮ್ಮ ನಾಡಿಗೆ ಹೊಸದಲ್ಲ. ಇಂದಿನ ಧರ್ಮಪುರಿಯ ಹಳೆಯ ಹೆಸರು ತಗಡೂರು. ಅಲ್ಲಿ ನಿಧಿಯಣ್ಣ, ಚಂಡಿಯಣ್ಣ ಎಂಬ ಸೋದರರು ಬಸದಿ ಕಟ್ಟಿಸಿದುದನ್ನೂ ಅದಕ್ಕೆ ಮೂಲಪಳ್ಳಿ ಎಂಬ ಗ್ರಾಮವು ದತ್ತಿಯಾಗಿ ಸಂದುದನ್ನೂ ನೊಳಂಬ ಅರಸು ಮಹೇಂದ್ರನ ಕಾಲದ, ಶಕ 815ರ, ಅಂದರೆ ಕ್ರಿ.ಶ. 893ರ ಕನ್ನಡ ಕಂಬಶಾಸನವು ತಿಳಿಸುತ್ತದೆ. ಆ ಸೋದರರು ವರ್ತಕನ ಮಕ್ಕಳು. ಕಲ್ಲಿನ ಮೇಲೆ ಅಕ್ಷರ ಕೊರೆಯುವ ಮೊದಲು ಪಾಠವನ್ನು ನಿಶ್ಚಯಿಸದೆ ವಿಧಿಯಿರಲಿಲ್ಲ; ಕೊರೆದ ಮೇಲೆ ಅಳಿಸುವಂತಿಲ್ಲ. ಪರದೆಯ ಮೇಲಿನದನ್ನು ಕ್ಷಣದಲ್ಲಿ ಅಳಿಸಬಹುದು, ನಿಜ. ಆದರೆ ಸಭೆಯು ನೋಡಿದುದನ್ನು ಅಳಿಸಲಾಗುವುದಿಲ್ಲ.

ವಿಂಡೋಗಳ ವ್ಯವಸ್ಥೆ

ಮುನಿಗಳಿಗೆ ಹೇಳಿದ ಪಂಚ ಸಮಿತಿಗಳಲ್ಲಿ ಆದಾನ-ನಿಕ್ಷೇಪಣ ಸಮಿತಿಯೂ ಒಂದು. ಯಾವ ವಸ್ತುವನ್ನಾದರೂ ನೋಡಿ ತೆಗೆದುಕೊಳ್ಳಬೇಕು, ನೋಡಿ ಇಡಬೇಕು ಎಂಬುದು ಅದರ ಸಾರ. ಗೃಹಸ್ಥರಾದ ನಾವು ಆ ಎಚ್ಚರಿಕೆಯ ಒಂದಂಶವನ್ನಾದರೂ ಪರದೆಯ ಕೆಲಸದಲ್ಲಿ ಪಾಲಿಸಬಹುದು. ವಿಂಡೋವನ್ನು ಮೊದಲು ನಮ್ಮ ಪರದೆಯಲ್ಲಿ ತೆರೆಯಬೇಕು, ಸರಿಯಾಗಿದೆಯೇ ಎಂದು ನೋಡಬೇಕು, ಆಮೇಲೆ ಸಭೆಯ ಪರದೆಗೆ ಕಳುಹಿಸಬೇಕು. ವಿಂಡೋಸ್ ಕೀಲಿ, ಶಿಫ್ಟ್ ಕೀಲಿ ಮತ್ತು ಬಾಣದ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆದ ವಿಂಡೋವು ಒಂದು ಪರದೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಮೌಸ್‌ನಿಂದ ಎಳೆದಾಡುವ ಅಗತ್ಯವಿಲ್ಲ.

ಪವರ್‌ಪಾಯಿಂಟ್ ಬಳಸುವವರಿಗೆ ‘ಪ್ರೆಸೆಂಟರ್ ವ್ಯೂ’ ಎಂಬ ಅನುಕೂಲವಿದೆ. ಸಭೆಗೆ ಸ್ಲೈಡ್ ಮಾತ್ರ ಕಾಣುತ್ತದೆ; ನಡೆಸುವವರಿಗೆ ಮುಂದಿನ ಸ್ಲೈಡ್, ಟಿಪ್ಪಣಿ, ಸಮಯ ಇವೂ ಕಾಣುತ್ತವೆ. ಸ್ಲೈಡ್ ಪ್ರದರ್ಶನದ ನಡುವೆ ‘ಬಿ’ ಕೀಲಿ ಒತ್ತಿದರೆ ಪರದೆಯು ಕಪ್ಪಾಗುತ್ತದೆ; ಮತ್ತೆ ಒತ್ತಿದರೆ ಸ್ಲೈಡ್ ಹಿಂತಿರುಗುತ್ತದೆ. ವಿದ್ವಾಂಸರು ಭಾವಪೂರ್ಣವಾಗಿ ಮಾತನಾಡುವಾಗ, ಧ್ಯಾನದ ಹೊತ್ತಿನಲ್ಲಿ, ಪರದೆಯನ್ನು ಹೀಗೆ ಸುಮ್ಮನಿರಿಸುವುದೇ ಲೇಸು. ಪರದೆ ಇದೆಯೆಂದು ಅದನ್ನು ಸದಾ ತುಂಬಿಸಬೇಕೆಂಬ ನಿಯಮವೇನೂ ಇಲ್ಲ.

ಎರಡನೆಯ ಪರದೆಯ ಹಿನ್ನೆಲೆಗೆ ಬಸದಿಯ ಚಿತ್ರವನ್ನೋ ಒಂದೇ ಬಣ್ಣವನ್ನೋ ಇಟ್ಟಿರಬೇಕು. ವಿಂಡೋ ಮುಚ್ಚಿಹೋದರೂ ಆಗ ಸಭೆಗೆ ಕಾಣುವುದು ಅಷ್ಟೇ. ಕೆಳಗಿನ ಟಾಸ್ಕ್‌ಬಾರ್ ಎರಡನೆಯ ಪರದೆಯಲ್ಲಿ ಕಾಣದಂತೆ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು. ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ವಿಂಡೋಸ್‌ನಲ್ಲಿ ‘ಡುಪ್ಲಿಕೇಟ್’ ಮಾಡಿದಾಗ ಸಂದೇಶಗಳು ತಾವಾಗಿಯೇ ಮೌನವಾಗುವ ವ್ಯವಸ್ಥೆಯುಂಟು. ‘ಎಕ್ಸ್‌ಟೆಂಡ್’ನಲ್ಲಿ ಅದನ್ನು ನಂಬಿ ಕೂಡುವಂತಿಲ್ಲ. ‘ಡು ನಾಟ್ ಡಿಸ್ಟರ್ಬ್’ ಎಂಬುದನ್ನು ನಾವೇ ಹಾಕಬೇಕು, ವಾಟ್ಸ್ಯಾಪ್ ಮುಚ್ಚಬೇಕು.

ಯಾರ ಮುಖ ಗೋಡೆಯ ಮೇಲೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ಜೂಮ್‌ನಲ್ಲಿ ‘ಸ್ಪೀಕರ್ ವ್ಯೂ’ ಇಟ್ಟಿದ್ದರೆ ಯಾರ ಧ್ವನಿ ಬರುತ್ತದೆಯೋ ಅವರ ಮುಖವು ತಾನಾಗಿ ದೊಡ್ಡದಾಗುತ್ತದೆ. ಯಂತ್ರಕ್ಕೆ ಪ್ರವಚನ ಯಾವುದು, ಕೆಮ್ಮು ಯಾವುದು ಎಂಬ ಭೇದ ಗೊತ್ತಿಲ್ಲ. ಒಂದು ಊರಿನ ಸಭೆಯಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರು ಮನೆಯಿಂದ ಪ್ರವಚನ ಕೇಳುತ್ತಿದ್ದರು. ಮೊಮ್ಮಗನು ಫೋನನ್ನು ಮಂಚದ ಪಕ್ಕದಲ್ಲಿ ಇಟ್ಟು ಹೋಗಿದ್ದನು. ಅಜ್ಜಿ ಕೆಮ್ಮಿದೊಡನೆ ವಿದ್ವಾಂಸರ ಮುಖ ಮರೆಯಾಗಿ, ಕೆದರಿದ ತಲೆಯ ಆ ತಾಯಿಯ ಮುಖವು ಗೋಡೆಯ ತುಂಬ ಮೂಡಿತು. ಕೆಲವು ಮಕ್ಕಳು ನಕ್ಕರು. ಆ ನಗು ಫೋನಿನಲ್ಲಿ ಅಜ್ಜಿಗೂ ಕೇಳಿಸಿತು. ಮರುದಿನದಿಂದ ಅವರು ಸಭೆಗೆ ಸೇರಲಿಲ್ಲ. ಯಾರಿಗಾಗಿ ಇಷ್ಟೆಲ್ಲ ಏರ್ಪಾಡು ಮಾಡಿದ್ದರೋ ಅವರೇ ದೂರವಾದರು. ಅಹಿಂಸೆಯೆಂದರೆ ಪರರ ಮನಸ್ಸನ್ನು ನೋಯಿಸದಿರುವುದೂ ಹೌದಷ್ಟೆ?

ಇದನ್ನು ತಡೆಯಲು ಎರಡು ಉಪಾಯಗಳಿವೆ. ‘ಪಿನ್’ ಮಾಡಿದರೆ, ಪಿನ್ ಮಾಡಿದ ಕಂಪ್ಯೂಟರಿನಲ್ಲಿ ಮಾತ್ರ ಆ ವ್ಯಕ್ತಿಯ ಮುಖವು ಸ್ಥಿರವಾಗಿ ನಿಲ್ಲುತ್ತದೆ. ‘ಸ್ಪಾಟ್‌ಲೈಟ್’ ಮಾಡಿದರೆ ಸಭೆಗೆ ಸೇರಿದ ಎಲ್ಲರ ಪರದೆಗಳಲ್ಲಿಯೂ ಅದೇ ಮುಖವು ಮುಂದೆ ಬರುತ್ತದೆ. ಇದನ್ನು ಸಭೆ ನಡೆಸುವ ಅಧಿಕಾರವುಳ್ಳವರೇ ಮಾಡಬೇಕು. ವಿದ್ವಾಂಸರನ್ನು ಸ್ಪಾಟ್‌ಲೈಟ್ ಮಾಡಿ, ಸಭಾಭವನದ ಕಂಪ್ಯೂಟರಿನಲ್ಲಿ ಪಿನ್ ಕೂಡ ಮಾಡಿದರೆ ಕೆಮ್ಮು, ನಾಯಿ ಬೊಗಳುವುದು, ಕುಕ್ಕರ್ ಕೂಗುವುದು ಯಾವುದೂ ಗೋಡೆಯನ್ನು ಮುಟ್ಟುವುದಿಲ್ಲ. ಮನೆಯಲ್ಲಿರುವವರ ಮೈಕನ್ನು ಸೇರುವಾಗಲೇ ಮುಚ್ಚಿಡುವ ಏರ್ಪಾಡು ಇನ್ನೂ ಒಳ್ಳೆಯದು.

ಜೂಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ಯೂಸ್ ಡ್ಯುಯಲ್ ಮಾನಿಟರ್ಸ್’ ಎಂಬ ಆಯ್ಕೆಯೂ ಇದೆ. ಅದಕ್ಕೆ ಗುರುತು ಹಾಕಿದರೆ ಜೂಮ್ ಎರಡು ವಿಂಡೋಗಳಾಗಿ ತೆರೆಯುತ್ತದೆ. ಮಾತನಾಡುವವರನ್ನು ಸಭೆಯ ಪರದೆಯಲ್ಲಿರಿಸಿ, ಸೇರಿದವರೆಲ್ಲರ ಸಣ್ಣ ಚಿತ್ರಗಳನ್ನು ನಮ್ಮ ಪರದೆಯಲ್ಲಿರಿಸಿಕೊಳ್ಳಬಹುದು. ಯಾರು ಕೈ ಎತ್ತಿದ್ದಾರೆ, ಯಾರಿಗೆ ಕೇಳಿಸುತ್ತಿಲ್ಲ ಎಂಬುದು ನಮಗೆ ತಿಳಿಯುತ್ತದೆ. ಸಭೆಗೆ ಅದರ ಗೊಡವೆಯಿಲ್ಲ. ಮನೆಯವರಿಗೆ ಸ್ಲೈಡ್ ತೋರಿಸಲು ‘ಶೇರ್’ ಮಾಡುವಾಗಲೂ ಸ್ಲೈಡಿನ ವಿಂಡೋವನ್ನು ಅಥವಾ ಎರಡನೆಯ ಪರದೆಯನ್ನು ಮಾತ್ರ ಆರಿಸಬೇಕು. ನಮ್ಮ ಪರದೆಯನ್ನು ಎಂದಿಗೂ ಆರಿಸಬಾರದು.

ಹಾಗಾದರೆ ಮನೆಯಲ್ಲಿರುವವರ ಮುಖವು ಎಂದಿಗೂ ಸಭೆಗೆ ಕಾಣಬಾರದೇ? ಹಾಗಲ್ಲ. ದಶಲಕ್ಷಣ ಪರ್ವದ ತರುವಾಯ ಬರುವ ಕ್ಷಮಾವಾಣಿಯ ದಿನ ಪರಸ್ಪರ ಕ್ಷಮೆ ಕೇಳುವಾಗ ದೂರದಲ್ಲಿರುವವರನ್ನೂ ಸಭೆಯು ನೋಡಬೇಕು, ಅವರೂ ಸಭೆಯನ್ನು ನೋಡಬೇಕು. ಮೊದಲೇ ಫೋನ್ ಮಾಡಿ, “ಅಮ್ಮಾ, ಇಂದು ಸಂಜೆ ತಮ್ಮ ಮುಖವು ಸಭೆಯ ಪರದೆಯಲ್ಲಿ ಕಾಣುತ್ತದೆ, ಒಪ್ಪಿಗೆಯೇ?” ಎಂದು ಕೇಳಿದರೆ ಅವರು ತಲೆ ಬಾಚಿ, ಮಡಿಸೀರೆಯುಟ್ಟು, ಕೈಮುಗಿದು ಕುಳಿತಿರುತ್ತಾರೆ. ಅದೇ ಪರದೆ, ಅದೇ ಮುಖ; ಕೇಳಿ ತೋರಿಸುವುದಕ್ಕೂ ಕೇಳದೆ ತೋರಿಸುವುದಕ್ಕೂ ಇರುವ ಅಂತರ ಇಷ್ಟು.

ಅಕ್ಷರದ ತೊಡಕು

ನಮ್ಮ ಸಭೆಗಳಲ್ಲಿ ಕನ್ನಡ ಓದುವವರೂ ಇದ್ದಾರೆ, ತಮಿಳು ಮಾತ್ರ ಓದಬಲ್ಲ ಯುವಕರೂ ಇದ್ದಾರೆ. ರಾಜಸ್ಥಾನ, ಗುಜರಾತುಗಳ ಮೂಲದ ಬಂಧುಗಳು ಬಂದರೆ ನಾಗರಿ ಲಿಪಿಯೂ ಬೇಕು. ಸ್ತೋತ್ರವನ್ನು ಒಂದೇ ಸ್ಲೈಡಿನಲ್ಲಿ ಮೂರು ಲಿಪಿಗಳಲ್ಲಿ ತುರುಕಿದರೆ ಯಾರಿಗೂ ಓದಲಾಗುವುದಿಲ್ಲ. ಎರಡು ಲಿಪಿಗಳಿಗೆ ಮೀರದಂತೆ, ಸಾಲುಗಳ ನಡುವೆ ಒತ್ತಕ್ಷರಗಳಿಗೆ ಎಡೆಯಿರುವಂತೆ ಸಿದ್ಧಪಡಿಸಿ, ಹಿಂದಿನ ಸಾಲಿನಲ್ಲಿ ಕುಳಿತು ಓದಿ ನೋಡಬೇಕು.

ಹಳೆಯ ನುಡಿ ಅಥವಾ ಬರಹ ಅಕ್ಷರಗಳಲ್ಲಿ ಯೂನಿಕೋಡ್ ಅಲ್ಲದೆ ಟೈಪು ಮಾಡಿದ ಕಡತವು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ತಮಿಳುನಾಡಿನಲ್ಲಿ ಬಾಡಿಗೆಗೆ ತಂದ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದು ಅಪರೂಪ. ಯೂನಿಕೋಡ್‌ಗೆ ಮಾರ್ಪಡಿಸುವುದು ಉತ್ತಮ, ಸಮಯವಿಲ್ಲದಿದ್ದರೆ ಪಿ.ಡಿ.ಎಫ್. ಮಾಡಿ ತರುವುದು ಕ್ಷೇಮ.

ಮರ್ಯಾದೆಯ ಮಿತಿಗಳು

ಜೈನ ಸಿದ್ಧಾಂತವು ಅಗ್ನಿಕಾಯಿಕ ಜೀವಗಳನ್ನು ಹೇಳುತ್ತದೆ. ವಿದ್ಯುತ್ತು ಸಚಿತ್ತವೋ ಅಚಿತ್ತವೋ ಎಂಬುದರಲ್ಲಿ ಸಾಧುಸಂಘಗಳಲ್ಲಿ ಏಕಾಭಿಪ್ರಾಯವಿಲ್ಲ. ಧ್ವನಿವರ್ಧಕವನ್ನೂ ಒಪ್ಪದ ಸಾಧುಗಳಿದ್ದಾರೆ. ಆದುದರಿಂದ ಮುನಿಗಳಾಗಲಿ ಆರ್ಯಿಕೆಯರಾಗಲಿ ಸಭೆಯಲ್ಲಿದ್ದರೆ ಮೊದಲು ಅವರ ಅನುಮತಿ, ಆಮೇಲೆ ಪರದೆ. ಬೇಡವೆಂದರೆ ಬೇಡ. ಪರದೆಯನ್ನು ಜಿನಬಿಂಬದ ಎದುರಿಗಾಗಲಿ ಅದಕ್ಕೆ ಮರೆಯಾಗಿಯಾಗಲಿ ಕಟ್ಟಬಾರದು.

ಸಭೆಗೆ ಮುನ್ನ ಮಾಡಬೇಕಾದವು

1. ಅರ್ಧ ಗಂಟೆ ಮೊದಲು ಕೇಬಲ್ ಜೋಡಿಸಿ ‘ಎಕ್ಸ್‌ಟೆಂಡ್’ ಇದೆಯೇ ಎಂದು ನೋಡುವುದು. ಕೇಬಲ್ ಸಡಿಲವಾದರೆ ಸಭೆಯ ವಿಂಡೋಗಳು ನಮ್ಮ ಪರದೆಗೆ ಹಾರಿಬರುತ್ತವೆ. ಆದ್ದರಿಂದ ಅದು ಜನರ ಕಾಲಿಗೆ ಸಿಕ್ಕದಂತೆ ಕಟ್ಟುವುದು.

2. ಚಾರ್ಜರ್ ಹಾಕಿ, ಲ್ಯಾಪ್‌ಟಾಪ್ ನಿದ್ರೆಗೆ ಹೋಗದಂತೆ ಮಾಡುವುದು. ಕರೆಂಟು ಹೋದರೆ ಪ್ರೊಜೆಕ್ಟರಿಗೆ ಯು.ಪಿ.ಎಸ್. ಇರುವುದು.

3. ಜೂಮ್‌ನ ಉಚಿತ ಸಭೆಯು 40 ನಿಮಿಷಗಳಿಗೆ ನಿಲ್ಲುತ್ತದೆ, 100 ಜನರಿಗೆ ಸೀಮಿತ. ಪ್ರವಚನವು ದೀರ್ಘವಾದರೆ ಹಣ ಕಟ್ಟಿದ ಖಾತೆಯನ್ನೇ ಬಳಸುವುದು.

4. ಹತ್ತು ದಿನಗಳ ಪರ್ವಕ್ಕೆ ಹತ್ತು ಬೇರೆ ಬೇರೆ ಫೋಲ್ಡರ್‌ಗಳನ್ನು ಮಾಡಿಡುವುದು. ಅಂದಿನದನ್ನು ಮಾತ್ರ ತೆರೆಯುವುದು.

5. ಧ್ವನಿಚಿತ್ರ ತೋರಿಸುವಾಗ ‘ಶೇರ್ ಸೌಂಡ್’ಗೆ ಗುರುತು ಹಾಕುವುದು. ಇಲ್ಲವಾದರೆ ಮನೆಯವರಿಗೆ ಚಿತ್ರ ಕಾಣುತ್ತದೆ, ಧ್ವನಿ ಕೇಳಿಸದು.

6. ಕೆಲಸವನ್ನು ಇಬ್ಬರು ಹಂಚಿಕೊಳ್ಳುವುದು: ಒಬ್ಬರು ಪರದೆ ನೋಡುವುದು, ಇನ್ನೊಬ್ಬರು ಮನೆಯಲ್ಲಿರುವವರ ಫೋನ್ ಕರೆಗಳಿಗೆ ಉತ್ತರಿಸುವುದು. ಕರೆಗಳಿಗೆ ಉತ್ತರಿಸುವವರು ತಾಳ್ಮೆಯುಳ್ಳವರಾಗಿರಬೇಕು.

ಈ ಕೆಲಸವನ್ನು ನಮ್ಮ ಯುವಕರೇ ಮಾಡುವರು, ಅವರಿಗೆ ಯಂತ್ರ ಬಲ್ಲ ಬೆರಳುಗಳಿವೆ. ಆದರೆ ಸಭೆಗೆ ಏನನ್ನು ತೋರಿಸಬೇಕು, ಏನನ್ನು ತೋರಿಸಬಾರದು ಎಂಬ ವಿವೇಕವನ್ನು ಅವರಿಗೆ ಹೇಳಿಕೊಡುವುದು ಹಿರಿಯರ ಕೆಲಸ. ಪರದೆಯ ಬಳಿ ಕುಳಿತ ಹುಡುಗನಿಗೆ ಪ್ರವಚನದ ಒಂದು ವಾಕ್ಯವೂ ಪೂರ್ತಿಯಾಗಿ ಕಿವಿಗೆ ಬೀಳದೆ ಹೋಗಬಹುದು. ಆದರೂ ಅವನ ಎಚ್ಚರಿಕೆಯಿಂದ ಪಾಲಕ್ಕೋಡಿನ ಒಂದು ಮನೆಯಲ್ಲಿ, ಮಂಚದ ಮೇಲಿರುವ ಒಬ್ಬ ತಾಯಿಯು ಸಂಕೋಚವಿಲ್ಲದೆ ಧರ್ಮವನ್ನು ಕೇಳಿದರೆ, ಆ ಶ್ರವಣದ ಪುಣ್ಯದಲ್ಲಿ ಅವನಿಗೂ ಪಾಲುಂಟು. ಈ ವರ್ಷದ ಉತ್ಸವದಲ್ಲಿ ಇಂತಹ ಇಬ್ಬರು ಯುವಕರನ್ನಾದರೂ ಪ್ರತಿ ಊರಿನ ಬಂಧುಗಳು ಸಿದ್ಧಗೊಳಿಸಬೇಕೆಂದು ವಿನಂತಿ.

ಜೈ ಜಿನೇಂದ್ರ.