ಹೃದಯದ ತಾಳವೂ ಮುಪ್ಪಿನ ಮರೆವೂ

ಅರವತ್ತಕ್ಕೆ ಅರಳುಮರಳು ಎಂಬ ಮಾತು ನಮ್ಮಲ್ಲಿ ಬಹು ಕಾಲದಿಂದ ಬಂದುದು. ಹಿರಿಯರು ಹೇಳಿದುದನ್ನೇ ಮತ್ತೆ ಹೇಳಿದರೆ, ಲೆಕ್ಕದಲ್ಲಿ ತಪ್ಪಿದರೆ, ಪರಿಚಿತರ ಹೆಸರಿಗಾಗಿ ತಡಕಾಡಿದರೆ, ಈ ಮಾತನ್ನಾಡಿ ಸುಮ್ಮನಾಗುತ್ತೇವೆ. ವಯೋಧರ್ಮವೆಂದ ಮೇಲೆ ಕಾರಣವನ್ನು ಹುಡುಕುವ ಗೋಜೇ ಇಲ್ಲ. ಆದರೆ ಈ ಮರೆವಿನಲ್ಲಿ ಒಂದು ಪಾಲಿನ ಮೂಲವು ತಲೆಯಲ್ಲಲ್ಲದೆ ಎದೆಯಲ್ಲಿರಬಹುದೆಂದು ಸಂಶೋಧಕರು ಹೇಳುತ್ತಾರೆ. ನಾನು ಕಲಾ ವಿಭಾಗದವಳು, ವೈದ್ಯಶಾಸ್ತ್ರವನ್ನು ಕಲಿತವಳಲ್ಲ. ಮನಶ್ಶಾಸ್ತ್ರದ ತರಗತಿಯಲ್ಲಿ ಸ್ಮೃತಿಯ ಪಾಠ ನಡೆದಾಗ ಹುಟ್ಟಿದ ಕುತೂಹಲದಿಂದ ಓದಿ ತಿಳಿದುದನ್ನು ಇಲ್ಲಿ ಸಂಗ್ರಹಿಸಿದ್ದೇನೆ.

ಹೃದಯದ ಮೇಲಿನ ಎರಡು ಕೋಣೆಗಳಿಗೆ ಹೃತ್ಕರ್ಣಗಳೆಂದೂ ಕೆಳಗಿನ ಎರಡಕ್ಕೆ ಹೃತ್ಕುಕ್ಷಿಗಳೆಂದೂ ಹೆಸರು. ಬಲ ಹೃತ್ಕರ್ಣದಲ್ಲಿರುವ ಜೀವಕೋಶಗಳ ಒಂದು ಸಣ್ಣ ಗುಂಪು ವಿದ್ಯುತ್ ಸಂಜ್ಞೆಯಿಂದ ತಾಳ ಹಾಕುತ್ತದೆ. ಉಳಿದುದೆಲ್ಲ ಅದನ್ನು ಅನುಸರಿಸಿ ಬಡಿಯುತ್ತದೆ. ಮುಪ್ಪಿನಲ್ಲಿ, ರಕ್ತದೊತ್ತಡ ಹೆಚ್ಚಿದವರಲ್ಲಿ, ಹೃದಯದ ಕವಾಟ ಕೆಟ್ಟವರಲ್ಲಿ ಈ ತಾಳ ತಪ್ಪಬಹುದು. ಆಗ ಹೃತ್ಕರ್ಣಗಳು ಸಂಕುಚಿಸುವ ಬದಲು ನಿಮಿಷಕ್ಕೆ 300ಕ್ಕೂ ಹೆಚ್ಚು ಸಲ ಅಡ್ಡಾದಿಡ್ಡಿಯಾಗಿ ಅದುರುತ್ತವೆ. ಇದನ್ನೇ ವೈದ್ಯರು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ, ನಾವು ಹೃತ್ಕರ್ಣಕಂಪನವೆನ್ನೋಣ. ಹಾಲೆಂಡಿನ ಐಂಥೋವೆನ್ 1906ರಷ್ಟು ಹಿಂದೆಯೇ ಇದರ ವಿದ್ಯುತ್ ರೇಖೆಯನ್ನು ಪ್ರಕಟಿಸಿದ್ದನು. ಹೃದಯದ ವಿದ್ಯುತ್ ರೇಖೆಯನ್ನು ತೆಗೆಯುವ ವಿಧಾನಕ್ಕಾಗಿ ಅವನಿಗೆ 1924ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಎದೆಯ ಈ ಕಂಪನಕ್ಕೂ ನೆನಪಿಗೂ ಏನು ಸಂಬಂಧ? ದೇಹದ ತೂಕದಲ್ಲಿ ಮಿದುಳು ನೂರರಲ್ಲಿ ಎರಡು ಪಾಲು ಮಾತ್ರ. ಆದರೆ ವಿಶ್ರಾಂತಿಯಲ್ಲಿ ದೇಹವು ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಭಾಗ ಅದಕ್ಕೇ ಬೇಕು. ಆದುದರಿಂದ ರಕ್ತಪ್ರವಾಹ ಏರುಪೇರಾದರೆ ಅದಕ್ಕೆ ಬಾಧೆ ತಟ್ಟಬಹುದು. ಇದಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಅದುರುವ ಹೃತ್ಕರ್ಣದಲ್ಲಿ ರಕ್ತವು ನಿಂತ ನೀರಿನಂತಾಗಿ, ಎಡ ಹೃತ್ಕರ್ಣಕ್ಕೆ ಅಂಟಿಕೊಂಡ ಚೀಲದಂತಹ ಮೂಲೆಯಲ್ಲಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ತುಣುಕು ಮಿದುಳಿಗೆ ಹೋಗಿ ರಕ್ತನಾಳವನ್ನು ಮುಚ್ಚಿದರೆ ಪಾರ್ಶ್ವವಾಯು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು 1948ರಿಂದ ಪರೀಕ್ಷಿಸುತ್ತ ಬಂದವರು, ಈ ಕಂಪನವುಳ್ಳವರಿಗೆ ಪಾರ್ಶ್ವವಾಯುವಿನ ಸಂಭವ ಸುಮಾರು ಐದು ಪಟ್ಟು ಹೆಚ್ಚೆಂದು 1991ರಲ್ಲಿ ತಿಳಿಸಿದರು.

ಕೈಕಾಲು ಬಿದ್ದರೆ ಮನೆಯವರೆಲ್ಲ ಓಡಿಬರುತ್ತಾರೆ. ಸದ್ದಿಲ್ಲದೆ ಆಗುವ ಗಾಯವನ್ನು ಯಾರು ಕಂಡಾರು? ಸ್ವಿಟ್ಜರ್ಲೆಂಡಿನಲ್ಲಿ ಈ ಕಂಪನವಿದ್ದೂ ಎಂದೂ ಪಾರ್ಶ್ವವಾಯು ಬಡಿಯದಿದ್ದ 1,390 ಮಂದಿಯ ಮಿದುಳಿನ ಚಿತ್ರ ತೆಗೆದು ನೋಡಿದಾಗ, 245 ಮಂದಿಯಲ್ಲಿ ರಕ್ತ ದೊರೆಯದೆ ಸತ್ತ ಭಾಗಗಳು ಕಂಡುವೆಂದು 2019ರಲ್ಲಿ ಪ್ರಕಟವಾಯಿತು. ಅವರಿಗೆ ಅದರ ಅರಿವೇ ಇರಲಿಲ್ಲ. ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ 55 ವರ್ಷ ಮೀರಿದ 6,584 ಮಂದಿಯನ್ನು ಪರೀಕ್ಷಿಸಿದವರು, ಡಿಮೆನ್ಷಿಯಾ ಎಂಬ ಮರೆವಿನ ರೋಗವು ಕಂಪನವುಳ್ಳವರಲ್ಲಿ ಸುಮಾರು ಇಮ್ಮಡಿಯೆಂದು 1997ರಲ್ಲೇ ಹೇಳಿದ್ದರು. 2013ರಲ್ಲಿ ಅನೇಕ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಪಾರ್ಶ್ವವಾಯುವಿನ ಮಾತನ್ನು ಬಿಟ್ಟರೂ ಬುದ್ಧಿಶಕ್ತಿ ಕುಂದುವ ಸಂಭವ ನೂರಕ್ಕೆ ಸುಮಾರು 34ರಷ್ಟು ಹೆಚ್ಚೆಂದು ಕಂಡುಬಂತು.

ಹಾಗಾದರೆ ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಟ್ಟರೆ ನೆನಪು ಉಳಿದೀತೆ? ಸ್ವೀಡನ್ನಿನ ನಾಲ್ಕು ಲಕ್ಷಕ್ಕೂ ಮೇಲ್ಪಟ್ಟ ರೋಗಿಗಳ ದಾಖಲೆಗಳಲ್ಲಿ, ಅಂತಹ ಔಷಧ ಪಡೆದವರಿಗೆ ಡಿಮೆನ್ಷಿಯಾದ ಸಂಭವ ನೂರಕ್ಕೆ 29ರಷ್ಟು ಕಡಿಮೆಯಿತ್ತೆಂದು 2018ರಲ್ಲಿ ಹೊರಬಿತ್ತು. ಆದರೆ ಔಷಧ ಪಡೆದವರು ಮೊದಲೇ ಹೆಚ್ಚು ಆರೋಗ್ಯವಂತರಾಗಿದ್ದಿರಬಹುದಲ್ಲ! ಕೆನಡಾದಲ್ಲಿ ಪಾರ್ಶ್ವವಾಯುವಿನ ಭಯ ಕಡಿಮೆಯಿದ್ದ, 62 ವರ್ಷದೊಳಗಿನ ರೋಗಿಗಳಲ್ಲಿ ಕೆಲವರಿಗೆ ಔಷಧವನ್ನೂ ಕೆಲವರಿಗೆ ಬರಿಯ ಹುಸಿಮಾತ್ರೆಯನ್ನೂ ಕೊಟ್ಟು ಪರೀಕ್ಷಿಸಿದರು. ಬುದ್ಧಿಶಕ್ತಿ ಕುಂದುವುದರಲ್ಲಿ ಔಷಧದಿಂದ ಪ್ರಯೋಜನ ಕಾಣಲಿಲ್ಲವೆಂದು 2024ರಲ್ಲಿ ತಿಳಿಯಿತು. ಎರಡು ಸಂಗತಿಗಳು ಜೊತೆಯಲ್ಲಿ ನಡೆದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗದೆಂದು ತರ್ಕಶಾಸ್ತ್ರದಲ್ಲಿ ಓದುವುದು ಇದನ್ನೇ ಅಲ್ಲವೆ? ಪಾರ್ಶ್ವವಾಯುವಿನ ಭಯ ಹೆಚ್ಚಿದ್ದವರಿಗೆ ಈ ಔಷಧ ಅದನ್ನು ತಡೆಯುತ್ತದೆಂಬುದು ಮಾತ್ರ ನಿಸ್ಸಂದೇಹ. ಅದೊಂದೇ ಸಾಕಷ್ಟು ದೊಡ್ಡ ಲಾಭ.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಬಾಲ್ಯದ ಗಂಟಲುನೋವಿನ ಹಿಂದೆ ಬರುವ ರುಮ್ಯಾಟಿಕ್ ಜ್ವರವು ಹೃದಯದ ಕವಾಟವನ್ನು ಕೆಡಿಸಿ, ಯೌವನದಲ್ಲಿಯೇ ಈ ಕಂಪನವನ್ನು ತರುವುದುಂಟು. ಇಂತಹವರಿಗೆ ವಾರ್ಫರಿನ್ ಜಾತಿಯ ಹಳೆಯ ಔಷಧವೇ ಹೊಸದಾದ ರಿವರೊಕ್ಸಬಾನಿಗಿಂತ ಮೇಲೆಂದು 2022ರ ದೊಡ್ಡ ಪರೀಕ್ಷೆಯೊಂದು ತೋರಿಸಿತು. ಆದರೆ ವಾರ್ಫರಿನ್ ಸೇವಿಸುವವರು ಆಗಾಗ ರಕ್ತಪರೀಕ್ಷೆ ಮಾಡಿಸಬೇಕು, ಸೊಪ್ಪು ತಿನ್ನುವುದರಲ್ಲಿಯೂ ಏರುಪೇರು ಮಾಡಬಾರದು. ಮಾತ್ರೆ ತಪ್ಪಿದರೆ ಹೆಪ್ಪಿನ ಭಯ. ಹೆಚ್ಚಾದರೆ ರಕ್ತಸ್ರಾವದ ಭಯ. ಮರೆವುಳ್ಳ ವೃದ್ಧರೊಬ್ಬರು ಈ ಲೆಕ್ಕವನ್ನು ಒಬ್ಬರೇ ಹೇಗೆ ಇಟ್ಟಾರು?

ಇಲ್ಲಿಯೇ ನಮ್ಮಂತಹವರ ಕೆಲಸವಿದೆ. ಈ ಕಾಲೇಜಿನಲ್ಲಿ ನನ್ನಂತೆ ಮನೆತನದಲ್ಲಿ ಮೊದಲಿಗರಾಗಿ ಪದವಿಯವರೆಗೆ ಬಂದವರು ಅನೇಕರು. ಅಜ್ಜ ಅಜ್ಜಿಯರ ಔಷಧದ ಚೀಟಿಯನ್ನು ಓದಬಲ್ಲವರು ಮನೆಯಲ್ಲಿ ಹಲವೊಮ್ಮೆ ನಾವೇ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ನೋಡುವುದಕ್ಕೆ ಯಾವ ಪದವಿಯೂ ಬೇಡ. ಬಡಿತಗಳ ನಡುವಣ ಅಂತರ ಒಂದೇ ಸಮನಾಗಿಲ್ಲವೆಂದು ತೋರಿದರೆ ವೈದ್ಯರಲ್ಲಿಗೆ ಕರೆದೊಯ್ದು ಇ.ಸಿ.ಜಿ. ತೆಗೆಸಬೇಕು, ರೋಗನಿರ್ಣಯ ಅವರದು. ಕಳೆದುಹೋದ ನೆನಪು ಇದರಿಂದ ಮರಳಿ ಬರುವುದೆಂದು ನಾನು ಹೇಳಲಾರೆ. ಆದರೆ ಬರಲಿರುವ ಪಾರ್ಶ್ವವಾಯುವನ್ನು ತಡೆದರೆ ಉಳಿದಿರುವ ನೆನಪಿಗಾದರೂ ಒಂದು ಕಾವಲಾದೀತು. ಅರಳುಮರಳು ಎಂದು ನಕ್ಕು ಕೈಬಿಡುವ ಮೊದಲು ಹಿರಿಯರ ಕೈಹಿಡಿದು ನಾಡಿ ನೋಡುವುದು ಓದಿದವರಿಗೆ ಒಪ್ಪುವ ನಡತೆ.